ಅಪ್‌ಡೇಟ್: ಹೆಬ್ಬೆಟ್ಟು ಒತ್ತಿಸ್ಕೊಂಡ್ರೆ ಸಾಕಾ ಅಂತ ಕೇಳಿದ್ನಲ್ಲಾ
ಬೀಡಿ ಕಟ್ಟೋ ಹೆಂಗಸರ ಬೆನ್ನುನೋವಿನ ಬಗ್ಗೆ ಥೀಸಿಸ್ ಮಾಡ್ತಿದೀನಿ, ಸುಮಾರು ಜನಕ್ಕೆ ಓದೋಕೆ ಬರಲ್ಲ, ಅವರ ಒಪ್ಪಿಗೆ ತಗೊಳ್ಳೋ ಕನ್ಸೆಂಟ್ ಫಾರ್ಮ್‌ಗೆ ಹೆಬ್ಬೆಟ್ಟು ಸಾಕಾ ಅಂತ ಹೋದ ತಿಂಗಳು ಕೇಳಿದ್ದೆ. ಸಾಕಾಗಲ್ಲ. ಸಂಶೋಧನೆ ನ್ಯಾಯವಾಗಿ ನಡೆಯುತ್ತಾ ಅಂತ ನೋಡೋ ಎಥಿಕ್ಸ್ ಕಮಿಟಿ ನನ್ನ ಅರ್ಜಿ ವಾಪಸ್ ಕಳಿಸ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದ್ರೆ ಐಸಿಎಂಆರ್‌ನ 2017ರ ಗೈಡ್‌ಲೈನ್ಸ್ ಪ್ರಕಾರ, ಓದೋಕೆ ಬರದೇ ಇರೋರಿಗೆ ವಿವರಿಸೋವಾಗ ಓದು ಬರಹ ಗೊತ್ತಿರೋ, ನಮ್ಮ ತಂಡಕ್ಕೆ ಸಂಬಂಧ ಇಲ್ದಿರೋ ಒಬ್ಬ ಸಾಕ್ಷಿ ಪೂರ್ತಿ ಕೂತಿರಬೇಕು, ಆಮೇಲೆ ಹೆಬ್ಬೆಟ್ಟು, ಜೊತೆಗೆ ಸಾಕ್ಷಿ ಸಹಿ. ನಾನು ಪೆದ್ದಿ ಥರ ಬೀಡಿ ಕಾಂಟ್ರಾಕ್ಟರ್‌ನೇ ಸಾಕ್ಷಿ ಅಂತ ಬರೆದಿದ್ದೆ! ಎಲೆ, ತಂಬಾಕು ಕೊಡೋನೇ ಎದುರಿಗೆ ಕೂತ್ರೆ ಯಾರು ತಾನೇ ಬೇಡ ಅಂತಾರೆ ಹೇಳಿ. ಈಗ ಊರಿನ ಲೈಬ್ರರಿ ಮೇಡಂ ಬರ್ತಿದಾರೆ.

ಒಂದು ಗಂಟೆ ಮಾತಾಡಿದ್ರೆ ಅಷ್ಟು ಬೀಡಿ ಕಮ್ಮಿ ಆಗುತ್ತಲ್ಲ, ಅದಕ್ಕೆ ದುಡ್ಡು ಕೊಟ್ರೆ ಆಮಿಷ ಆಗುತ್ತಾ ಅಂತಾನೂ ಕೇಳಿದ್ದೆ. ಕೂಲಿ ನಷ್ಟ ತುಂಬಿಕೊಡಬಹುದಂತೆ, ಮೊತ್ತ ಮಾತ್ರ ಕಮಿಟಿ ಒಪ್ಪಬೇಕು. ಮೊನ್ನೆ ಒಬ್ಬ ಅಜ್ಜಿ ಅರ್ಧಕ್ಕೇ "ಸಾಕು ಕಣವ್ವ, ನಂಗಾಗಲ್ಲ" ಅಂದ್ರು, ಕಾರಣ ಕೇಳಲಿಲ್ಲ, ರೆಕಾರ್ಡಿಂಗ್ ಅವರೆದುರೇ ಡಿಲೀಟ್ ಮಾಡಿ ಕೂಲಿ ಕೊಟ್ಟು ಕಳಿಸ್ದೆ. ಹೊಟ್ಟೆ ಉರೀತು ನಿಜ, ಇಲ್ಲೀವರೆಗೆ ಸಿಕ್ಕಿದ್ರಲ್ಲಿ ಅದೇ ಒಳ್ಳೆ ಇಂಟರ್‌ವ್ಯೂ.