ಹೋಮ್ ಫೆನ್ ಕಂಬ ನೆಲದಿಂದ ಮೇಲೆ ಬಂದದ್ದು ಹೇಗೆ? ಒಳ್ಳೆ ಹೊಲಕ್ಕೆ ಮತ್ತೆ ನೀರು ಯಾಕೆ?

ಮಂಡ್ಯದವಳು, ಈಗ ಪೀಟರ್‌ಬರೋ:

ಎಲ್ಲರಿಗೂ ನಮಸ್ಕಾರ. ಇಲ್ಲಿ ಹತ್ತಿರದ ಹೋಮ್ ಫೆನ್ ಕಾಡಿನಲ್ಲಿ (ಫೆನ್ ಅಂದರೆ ಪೂರ್ವ ಇಂಗ್ಲೆಂಡಿನ ತಗ್ಗು ಜೌಗು ನೆಲ) ಒಂದು ಕಬ್ಬಿಣದ ಕಂಬ ಇದೆ. ನನ್ನ ಎತ್ತರದ ಎರಡು ಪಟ್ಟಿಗಿಂತ ಜಾಸ್ತಿ. 1851ರಲ್ಲಿ ಅದರ ತುದಿ ನೆಲದ ಮಟ್ಟಕ್ಕೇ ಇತ್ತಂತೆ. ಅಷ್ಟು ಮಣ್ಣು ಎಲ್ಲಿಗೆ ಹೋಯಿತು? ಅಲ್ಲಿ ಯಾರೂ ಅಗೆದು ಸಾಗಿಸಿದ ಹಾಗೆ ಕಾಣುವುದಿಲ್ಲ.

ಇನ್ನೊಂದು ವಿಷಯ. ಸುತ್ತಲಿನ ಹೊಲಗಳನ್ನು ಕೊಂಡು, ಮತ್ತೆ ನೀರು ನಿಲ್ಲಿಸುತ್ತಿದ್ದಾರೆ. ಆ ಮಣ್ಣಿನ ಫೋಟೋ ನಮ್ಮಪ್ಪನಿಗೆ ಕಳಿಸಿದೆ. ಅವರು ಭತ್ತ, ಕಬ್ಬು ಬೆಳೆಯುವವರು. "ಇಂಥ ಮಣ್ಣನ್ನು ಯಾರಾದರೂ ಜೌಗು ಮಾಡ್ತಾರಾ?" ಅಂದರು. ಅವರಿಗೆ ಒಪ್ಪುವ ಹಾಗೆ ಏನು ಹೇಳಲಿ?

ಫೆನ್ ವಾಸಿ:

ನಿಮ್ಮ ತಂದೆಯವರು ಕೇಳಿದ್ದು ಸರಿಯಾಗಿದೆ. ನಾನು ಇದೇ ಕಡೆ ಇದ್ದೇನೆ, ಬಿಡುವಿದ್ದಾಗ ಈ ಹೊಲಗಳಿಗೆ ಮತ್ತೆ ನೀರು ನಿಲ್ಲಿಸುವ ಗ್ರೇಟ್ ಫೆನ್ ಯೋಜನೆಯಲ್ಲಿ ಸ್ವಯಂಸೇವಕನಾಗಿ ಕೆಲಸ ಮಾಡುತ್ತೇನೆ. ಈ ಜಾಗದ ಮೇಲೆ ನನಗೆ ತುಂಬಾ ಪ್ರೀತಿ. ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಅವರಿಗೆ ಇದನ್ನು ಹೇಳಿ: ಅದು ನಮ್ಮ ಕಡೆಯ ಎರೆ ಮಣ್ಣಿನಂಥ ಮಣ್ಣಲ್ಲ, ಪೀಟ್. ಜೊಂಡು, ಪಾಚಿ, ಎಲೆ, ಬೇರು ಎಲ್ಲ ಸಾವಿರಾರು ವರ್ಷ ನೀರಿನಲ್ಲಿ ಮುಳುಗಿ, ಗಾಳಿ ತಾಗದೆ, ಪೂರ್ತಿ ಕೊಳೆಯದೆ ಉಳಿದದ್ದು. ಅದು ಬೆಳೆಯುವುದು ವರ್ಷಕ್ಕೆ ಹೆಚ್ಚು ಕಡಿಮೆ ಒಂದು ಮಿಲಿಮೀಟರ್. ಹೋಮ್ ಫೆನ್‌ನಲ್ಲಿ ಆರೂವರೆ ಮೀಟರ್‌ಗಿಂತ ದಪ್ಪ ಇತ್ತು. ಲೆಕ್ಕ ಹಾಕಿ ನೋಡಿ.

ಆ ಜಾಗದ ಪಕ್ಕದಲ್ಲೇ ವಿಟಲ್‌ಸೀ ಮೀರ್ ಅನ್ನುವ ದೊಡ್ಡ ಕೆರೆ ಇತ್ತು. ಇಂಗ್ಲೆಂಡಿನ ತಗ್ಗು ಪ್ರದೇಶದಲ್ಲಿ ಅದೇ ಎಲ್ಲಕ್ಕಿಂತ ದೊಡ್ಡದು. ಬೇಸಿಗೆಯಲ್ಲಿ ದೋಣಿ ಪಂದ್ಯ, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೀರಿನ ಮೇಲೆ ಸ್ಕೇಟಿಂಗ್. ಮೀನು, ಬಾತುಕೋಳಿ, ಜೊಂಡು ಇವುಗಳಿಂದಲೇ ಎಷ್ಟೋ ಮನೆ ನಡೆಯುತ್ತಿದ್ದವು. ಫೆನ್‌ನ ಉಳಿದ ಭಾಗವನ್ನು 17ನೇ ಶತಮಾನದಲ್ಲೇ ಡಚ್ ಎಂಜಿನಿಯರ್ ವರ್ಮ್ಯೂಡನ್ ಕಾಲುವೆ ತೋಡಿ ಒಣಗಿಸಲು ಶುರು ಮಾಡಿದ್ದರು. ಮೀರ್ ಮಾತ್ರ ಉಳಿದುಕೊಂಡಿತ್ತು. 1851ರ ಲಂಡನ್ನಿನ ಮಹಾ ಪ್ರದರ್ಶನದಲ್ಲಿ ಆಪೋಲ್ಡ್ ಅನ್ನುವವರ ಹೊಸ ಪಂಪ್ ಎಲ್ಲರ ಕಣ್ಣು ಸೆಳೆಯಿತು. ಅದೇ ಥರದ ಪಂಪನ್ನು ಉಗಿ ಎಂಜಿನ್‌ಗೆ ಜೋಡಿಸಿ ಮೀರ್ ಖಾಲಿ ಮಾಡಿದರು. 1852ರ ನವೆಂಬರ್‌ನಲ್ಲಿ ಏರಿ ಒಡೆದು ಕೆರೆ ಮತ್ತೆ ತುಂಬಿತು. ಮತ್ತೆ ಖಾಲಿ ಮಾಡಿದರು. ತಳದ ಕೆಸರಿನಲ್ಲಿ ರ‍್ಯಾಮ್ಸಿ ಮಠದ್ದೆಂದು ನಂಬಲಾದ ಬೆಳ್ಳಿಯ ಧೂಪದ ಪಾತ್ರೆ ಸಿಕ್ಕಿತ್ತು. ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಅಲ್ಲಿಗೆ ಹೋದಾಗ ಮರೆಯದೆ ನೋಡಿ, ಅಷ್ಟು ಸೊಗಸಾಗಿದೆ.

ಈಗ ಕಂಬದ ವಿಷಯ. ಜಮೀನಿನ ಒಡೆಯ ವಿಲಿಯಂ ವೆಲ್ಸ್‌ಗೆ ನೀರು ತೆಗೆದರೆ ನೆಲ ಕುಸಿಯುತ್ತದೆ ಅಂತ ಗೊತ್ತಿತ್ತು. ಎಷ್ಟು ಅಂತ ಅಳೆಯಲು ಮೊದಲು ಓಕ್ ಮರದ ಗೂಟ, ಆಮೇಲೆ ಈ ಕಬ್ಬಿಣದ ಕಂಬ ಹಾಕಿಸಿದರು. ಬುಡ ಕೆಳಗಿನ ಜೇಡಿಯಲ್ಲಿ ಗಟ್ಟಿಯಾಗಿ ನಿಂತಿದೆ. ಹಾಗಾಗಿ ಕಂಬ ಮೇಲೆ ಬಂದಿಲ್ಲ, ನೆಲ ಕೆಳಗಿಳಿದಿದೆ. 1860ರ ಹೊತ್ತಿಗೇ ಸುಮಾರು ಒಂದೂವರೆ ಮೀಟರ್. 1892ಕ್ಕೆ ಮೂರು. ಈಗ ಸುಮಾರು ನಾಲ್ಕು. ಆ ಸುತ್ತಿನ ಜಾಗ ಸಮುದ್ರ ಮಟ್ಟಕ್ಕಿಂತ 2.75 ಮೀಟರ್ ಕೆಳಗಿದೆ, ಬ್ರಿಟನ್ನಿನಲ್ಲೇ ಅತಿ ತಗ್ಗು.

ಮೊದಲ ಕುಸಿತ ಜೋರಾಗಿತ್ತು, ಯಾಕಂದ್ರೆ ನೀರು ಹೋದ ಮೇಲೆ ಪೀಟ್ ತನ್ನ ಭಾರಕ್ಕೇ ಅಮುಕಿಕೊಳ್ಳುತ್ತದೆ. ಅದು ಒಂದು ಹಂತಕ್ಕೆ ನಿಲ್ಲುತ್ತದೆ. ಎರಡನೆಯದು ನಿಲ್ಲುವುದಿಲ್ಲ. ಗಾಳಿ ಒಳಗೆ ಹೋದ ಕೂಡಲೆ ಸೂಕ್ಷ್ಮಜೀವಿಗಳು ಸಾವಿರಾರು ವರ್ಷ ತಡೆದಿದ್ದ ಕೆಲಸ ಶುರು ಮಾಡುತ್ತವೆ. ತಿಪ್ಪೆಯನ್ನು ಮಗುಚಿ ಹಾಕಿದರೆ ರಾಶಿ ತಾನಾಗಿ ಇಳಿಯುತ್ತದಲ್ಲ, ಹಾಗೆ. ಪೀಟ್ ಕಾರ್ಬನ್ ಡೈಆಕ್ಸೈಡ್ ಆಗಿ ಗಾಳಿಗೆ ಸೇರುತ್ತದೆ. ನೀವು ಕೇಳಿದ ಮಣ್ಣಿನ ದೊಡ್ಡ ಪಾಲು ಹೋದದ್ದು ಅಲ್ಲಿಗೆ. ಇದರ ಮೇಲೆ ವಸಂತದ ಗಾಳಿ ಬೇರೆ. ಒಣಗಿದ ಕರಿ ಪುಡಿ ಬೀಜದ ಸಮೇತ ಎದ್ದು ಹೋಗಿ ಕಾಲುವೆ ತುಂಬುತ್ತದೆ.

ನೆಲ ಇಳಿದರೆ ನೀರು ಮತ್ತೆ ಬೇರಿನ ಹತ್ತಿರ ಬರುತ್ತದೆ. ಅದಕ್ಕೆ ಕಾಲುವೆ ಇನ್ನೂ ಆಳ ಮಾಡಬೇಕು. ಆಗ ಇನ್ನಷ್ಟು ಪೀಟ್ ಒಣಗುತ್ತದೆ, ನೆಲ ಇನ್ನೂ ಇಳಿಯುತ್ತದೆ. ಗಾಳಿಯಂತ್ರದಿಂದ ಉಗಿಗೆ, ಉಗಿಯಿಂದ ಡೀಸೆಲ್‌ಗೆ, ಅಲ್ಲಿಂದ ಕರೆಂಟಿಗೆ ಬಂದದ್ದು ಹೀಗೆ. ಇವತ್ತು ಎಷ್ಟೋ ಕಡೆ ನದಿ ಮೇಲೆ, ಹೊಲ ಕೆಳಗೆ. ಪೀಟ್ ಪೂರ್ತಿ ಮುಗಿದ ಕಡೆ ನೇಗಿಲಿಗೆ ಜೇಡಿ ಸಿಗುತ್ತಿದೆ. ನಿಮ್ಮ ತಂದೆಯವರಿಗೆ ಹೇಳಬೇಕಾದ್ದು ಇದೇ: ಒಣಗಿಸಿ ಉತ್ತಷ್ಟು ದಿನ ಆ ಮಣ್ಣು ಕರಗುತ್ತಲೇ ಇರುತ್ತದೆ. ನೀರು ನಿಲ್ಲಿಸುವುದು ಅದನ್ನು ಉಳಿಸಲು.

ಊಟದ ಚಿಂತೆ:

ವಿವರ ಚೆನ್ನಾಗಿದೆ ಸರ್. ಆದರೆ ಈ ದೇಶದ ಆಲೂಗಡ್ಡೆ, ಸೆಲರಿ, ಲೆಟ್ಯೂಸ್ ಸಾಕಷ್ಟು ಫೆನ್‌ನಿಂದಲೇ ಬರುವುದು. ಎಲ್ಲ ಜೌಗಾದರೆ ತಿನ್ನುವುದೇನು? ಮತ್ತೆ ಜೌಗಿನಿಂದ ಭೂಮಿ ಬಿಸಿ ಮಾಡುವ ಮೀಥೇನ್ ಅನಿಲ ಬರುವುದಿಲ್ಲವೇ?

ಫೆನ್ ವಾಸಿ:

ಎರಡೂ ಸುಮ್ನೆ ತಳ್ಳಿಹಾಕುವ ಮಾತಲ್ಲ. ಮೀಥೇನ್ ಬರುತ್ತದೆ. ಆದರೆ ಅದು ಗಾಳಿಯಲ್ಲಿ ಹತ್ತಾರು ವರ್ಷಕ್ಕಿಂತ ಹೆಚ್ಚು ಉಳಿಯುವುದಿಲ್ಲ. ಒಣ ಪೀಟ್ ಬಿಡುವ ಕಾರ್ಬನ್ ಡೈಆಕ್ಸೈಡ್ ಶತಮಾನಗಟ್ಟಲೆ ಉಳಿಯುತ್ತದೆ. ಒಟ್ಟು ಲೆಕ್ಕದಲ್ಲಿ ಒದ್ದೆ ಇಡುವುದೇ ಮೇಲು. ನೀರನ್ನು ನೆಲದ ಮೇಲೆ ಆಳವಾಗಿ ತುಂಬುವ ಬದಲು ನೆಲದ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ಹಿಡಿದಿಟ್ಟರೆ ಮೀಥೇನ್ ಕೂಡ ಕಡಿಮೆ.

ಊಟದ ವಿಷಯ ಕಷ್ಟದ್ದು, ರೈತರ ಆತಂಕ ನನಗೆ ಅರ್ಥವಾಗುತ್ತದೆ. ಎಲ್ಲ ಫೆನ್ ಮುಳುಗಿಸಲು ಯಾರೂ ಹೊರಟಿಲ್ಲ. 2001ರಲ್ಲಿ ಶುರುವಾದ ಗ್ರೇಟ್ ಫೆನ್ ಯೋಜನೆಯ ಗುರಿ ಸುಮಾರು 3,700 ಹೆಕ್ಟೇರ್. ಹೋಮ್ ಫೆನ್, ವುಡ್‌ವಾಲ್ಟನ್ ಫೆನ್ ಎರಡೂ ಹೊಲಗಳ ನಡುವೆ ತುಂಡಾಗಿ ಉಳಿದಿದ್ದವು, ಅವನ್ನು ಸೇರಿಸಬೇಕು ಅಂತ. ವುಡ್‌ವಾಲ್ಟನ್ ಉಳಿದದ್ದೂ ಒಬ್ಬರ ಹಟದಿಂದ: ಚಾರ್ಲ್ಸ್ ರಾಥ್‌ಚೈಲ್ಡ್ 1910ರಲ್ಲಿ ಅದನ್ನು ಕೊಂಡರು. ಹೊಲ ಕೈಗೆ ಬಂದ ಕೂಡಲೆ ನೀರು ಬಿಡುವುದಿಲ್ಲ. ಮೊದಲು ಹುಲ್ಲು ಬೆಳೆಸಿ, ಕುರಿ ದನ ಮೇಯಿಸಿ, ಕಾಲುವೆಗಳಿಗೆ ಅಡ್ಡ ಕಟ್ಟಿ ನಿಧಾನಕ್ಕೆ ಮಟ್ಟ ಏರಿಸುತ್ತಾರೆ. ಪಕ್ಕದ ರೈತನ ಆಲೂಗಡ್ಡೆ ಹೊಲಕ್ಕೆ ನೀರು ನುಗ್ಗಬಾರದು. ಈ ಕೆಲಸದಲ್ಲಿ ಅರ್ಧ ತಲೆಬಿಸಿ ಅದೇ.

ಒದ್ದೆಯಲ್ಲೇ ಬೆಳೆ ತೆಗೆಯುವ ಪ್ರಯೋಗವೂ ನಡೆಯುತ್ತಿದೆ. ಜೊಂಡು, ಸ್ಫ್ಯಾಗ್ನಮ್ ಪಾಚಿ ನೆಟ್ಟಿದ್ದಾರೆ. ಜೊಂಡಿನ ತೆನೆಯ ನಯವಾದ ಹತ್ತಿಯನ್ನು ಚಳಿ ಜಾಕೆಟ್‌ಗೆ ತುಂಬಬಹುದು. ಇದರಿಂದ ರೈತನ ಹೊಟ್ಟೆ ತುಂಬುವಷ್ಟು ಆದಾಯ ಬಂದರೆ ಮಾತ್ರ ಇದು ಬೇರೆ ಹೊಲಗಳಿಗೆ ಹರಡುತ್ತದೆ. ಬರಲಿ ಅನ್ನುವುದು ನನ್ನ ಮನಸಾರೆ ಆಸೆ.

ತಿಪಟೂರಿನವನು:

ಇಲ್ಲಿನ ಅಂಗಡಿಗಳಲ್ಲಿ ಪೀಟ್ ಇಲ್ಲದ ಗೊಬ್ಬರದ ಚೀಲದ ಮೇಲೆ ತೆಂಗಿನ ನಾರಿನ ಪುಡಿ ಅಂತ ಇರುತ್ತದೆ. ಅದು ನಮ್ಮ ಕಡೆಯದ್ದಾ? ಕೊಂಡರೆ ಒಳ್ಳೆಯದಾ?

ಫೆನ್ ವಾಸಿ:

ಭಾರತ, ಶ್ರೀಲಂಕಾದಿಂದ ಬರುವುದೇ ಜಾಸ್ತಿ. ಕುಂಡಕ್ಕೆ ಪೀಟ್ ಹಾಕುವುದಕ್ಕಿಂತ ಖಂಡಿತ ಒಳ್ಳೆಯದು, ಯಾಕಂದ್ರೆ ಕಾಯಿ ಪ್ರತಿ ವರ್ಷ ಬರುತ್ತದೆ. ಆದರೆ ಪುಡಿಯಲ್ಲಿನ ಉಪ್ಪು ತೆಗೆಯಲು ಸಿಹಿನೀರಿನಲ್ಲಿ ತೊಳೆಯಬೇಕು, ಆ ನೀರು ನಮ್ಮ ಊರುಗಳದ್ದು. ಹಾಗಾಗಿ ನಾನು ಮೊದಲು ಹುಡುಕುವುದು ಇಲ್ಲಿಯ ತೊಗಟೆ ಮತ್ತು ತೋಟದ ಕಸದಿಂದ ಮಾಡಿದ ಗೊಬ್ಬರ. ಬೀಜ ಬಿತ್ತುವ ಟ್ರೇಗಳಿಗೆ ಮಾತ್ರ ನಾರಿನ ಪುಡಿ. ಚೀಲದ ಮುಂದೆ 'ಪೀಟ್ ಕಡಿಮೆ' ಅಂತ ಬರೆದಿದ್ದರೆ ಒಳಗೆ ಪೀಟ್ ಇದೆ ಅಂತಲೇ ಅರ್ಥ, ಹಿಂದಿನ ಚೀಟಿ ಓದಿ ಕೊಳ್ಳಿ.