ಸಹಾಯ ಬೇಕು: ಲಿವರ್ ಮೆರಿಡಿಯನ್‌ಗೆ ಕೊಟ್ಟ ಪುಡಿ, ಅಮ್ಮನ ವಾರ್ಫರಿನ್ (ರಕ್ತ ತೆಳು ಮಾಡೋ ಮಾತ್ರೆ)
ಸಿಂಗಾಪುರದಲ್ಲಿ ಚೈನೀಸ್ ಮೆಡಿಸಿನ್ ತಗೊಂಡಿರೋರು ಯಾರಾದ್ರೂ ಇದ್ರೆ ಹೇಳಿ ಪ್ಲೀಸ್. ಅಮ್ಮ ಇಲ್ಲಿಗೆ ಬಂದಾಗಿಂದ ರಾತ್ರಿ ಎರಡಕ್ಕೆಲ್ಲ ಎಚ್ಚರ ಆಗಿ ಆಮೇಲೆ ನಿದ್ದೆನೇ ಬರಲ್ಲ, ಪಕ್ಕದ್ಮನೆ ಆಂಟಿ ಹೇಳಿದ್ರು ಅಂತ ಒಬ್ರು ಟಿಸಿಎಂ (ಸಾಂಪ್ರದಾಯಿಕ ಚೈನೀಸ್ ಮೆಡಿಸಿನ್) ಡಾಕ್ಟರ್ ಹತ್ರ ಹೋದ್ವಿ, ಅವ್ರು ನಾಲಿಗೆ ನೋಡಿ ಎರಡೂ ಕೈ ನಾಡಿ ಹಿಡ್ದು ಲಿವರ್ ಮೆರಿಡಿಯನ್‌ನಲ್ಲಿ ಚೀ ಕಟ್ಕೊಂಡಿದೆ (ಚೀ ಅಂದ್ರೆ ಪ್ರಾಣಶಕ್ತಿ, ಮೆರಿಡಿಯನ್ ಅಂದ್ರೆ ಅದು ಹರಿಯೋ ದಾರಿಯಂತೆ), ರಾತ್ರಿ 1ರಿಂದ 3 ಅದರ ಟೈಮು ಅಂದ್ರು. ಈ ಮೆರಿಡಿಯನ್ ಕಾಲಿನ ಹೆಬ್ಬೆರಳಿಂದ ಶುರುವಾಗಿ ತೊಡೆ ಒಳಗಡೆಯಿಂದ ಹತ್ತಿ ಪಕ್ಕೆವರೆಗೂ ಬರುತ್ತಂತೆ, ಒಟ್ಟು 14 ಪಾಯಿಂಟು. ಹೆಬ್ಬೆರಳು, ಪಕ್ಕದ ಬೆರಳು ಮಧ್ಯೆ ಪಾದದ ಮೇಲೆ ಒಂದು ತಗ್ಗಿದೆ ನೋಡಿ, ಥಾಯ್‌ಛುಂಗ್ ಅಂತಾರೆ, ಮಲಗೋ ಮುಂಚೆ ಅದನ್ನ ಒತ್ತಬೇಕಂತೆ. ಒತ್ತಿದ್ರೆ ಅಮ್ಮ ಅಯ್ಯೋ ಅಂತಾರೆ, ಹಿತವಾಗಿದೆ ಅಂತಾನೂ ಅಂತಾರೆ, ಅದಕ್ಕೆ ನನ್ ತಕರಾರಿಲ್ಲ (ಲಿವರ್ ಕೆಟ್ರೆ ಸಿಟ್ಟು ಜಾಸ್ತಿ ಅಂದಾಗ ಅಪ್ಪ ಜೋರಾಗಿ ತಲೆ ಆಡಿಸಿದ್ರು 😄).

ಪ್ರಶ್ನೆ ಇರೋದು ಪುಡಿ ಬಗ್ಗೆ. ಶಿಯಾವ್ ಯಾವ್ ಸಾನ್ ಅನ್ನೋ ಗಿಡಮೂಲಿಕೆ ಪುಡಿ ಕೊಟ್ಟಿದಾರೆ, ಅದ್ರಲ್ಲಿ ಡಾಂಗ್ ಗುಯಿ ಅನ್ನೋ ಗಿಡದ ಬೇರು ಇದೆ, ಅಮ್ಮ ನೋಡಿದ್ರೆ ವಾರ್ಫರಿನ್ ತಗೋತಾರೆ, ಎರಡೂ ಸೇರಿದ್ರೆ ಬ್ಲೀಡಿಂಗ್ ರಿಸ್ಕ್ ಜಾಸ್ತಿ ಅಂತ ಗೊತ್ತು, ಅದಕ್ಕೆ ಡಬ್ಬಿ ಓಪನ್ನೇ ಮಾಡಿಲ್ಲ, ಊರಿನ ಹಾರ್ಟ್ ಡಾಕ್ಟರ್‌ಗೂ ಮೆಸೇಜ್ ಹಾಕಿದೀನಿ. ಡಾಂಗ್ ಗುಯಿ ಬಿಟ್ಟು ಬೇರೆ ಕಾಂಬಿನೇಷನ್ ಬರೆಸ್ಕೊಂಡಿರೋರು ಇದೀರಾ? ವಾರ್ಫರಿನ್ ಮೇಲಿದ್ದು ಅಕ್ಯುಪಂಕ್ಚರ್ ಸೂಜಿ ಹಾಕಿಸ್ಕೊಂಡೋರು ಇದ್ರೂ ಹೇಳಿ, ಐಎನ್‌ಆರ್ (ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತೆ ಅಂತ ನೋಡೋ) ಟೆಸ್ಟ್ ಮೊದ್ಲೇ ಮಾಡಿಸಿದ್ರಾ?