ನಮೀಬಿಯಾದ ಚೀತಾ ಸಂಶೋಧನೆ ನಮ್ಮ ಕುರಿ ಮಂದೆಗಳಿಗೆ ಉಪಯೋಗವಾದೀತೇ?

ಪ್ರಶ್ನೆ: ಕನಕಗಿರಿಯ ಪ್ರಾಣಿಶಾಸ್ತ್ರ ವಿದ್ಯಾರ್ಥಿ
ನಮ್ಮ ಮನೆತನದ್ದು ಕುರಿ ಕಸುಬು. ಬಂಕಾಪುರದ ತೋಳಧಾಮದ ಆಸುಪಾಸಿನಲ್ಲಿ ಮಂದೆ ಮೇಯಿಸುವ ನಮ್ಮವರಿಗೆ ತೋಳ ಹೊಸದಲ್ಲ, ಮರಿಗಳನ್ನು ಕಳೆದುಕೊಳ್ಳುವುದೂ ಹೊಸದಲ್ಲ. 2022ರಲ್ಲಿ ಎಂಟು ಚೀತಾಗಳನ್ನು ಕುನೋಗೆ ಕಳುಹಿಸಿದ ನಮೀಬಿಯಾದಲ್ಲಿ ಬಹುಪಾಲು ಚೀತಾಗಳು ರಕ್ಷಿತಾರಣ್ಯದ ಹೊರಗೆ, ದನ ಸಾಕುವವರ ಜಮೀನಿನಲ್ಲಿಯೇ ಬದುಕಿವೆ ಎಂದು ಓದಿದೆ. ಅಲ್ಲಿಯ ರೈತರು ಅವುಗಳನ್ನು ಹೇಗೆ ಸಹಿಸಿಕೊಂಡಿದ್ದಾರೆ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ಬಳ್ಳಾರಿಯಿಂದ
ಬಹುಕಾಲ ಸಹಿಸಿಕೊಂಡಿರಲಿಲ್ಲ, ಕಂಡಲ್ಲಿ ಕೊಲ್ಲುತ್ತಿದ್ದರು. 2020ರಲ್ಲಿ ಪ್ರಕಟವಾದ ಅಧ್ಯಯನವೊಂದನ್ನು ತಾವು ಅವಶ್ಯ ಗಮನಿಸಬೇಕು. ಚೀತಾಗಳ ಕೊರಳಿಗೆ ಜಿಪಿಎಸ್ ಪಟ್ಟಿ ಕಟ್ಟಿ ನೋಡಿದಾಗ, ಗಂಡುಗಳು ಕೆಲವು ನಿರ್ದಿಷ್ಟ ಮರಗಳ ಬುಡದಲ್ಲಿ ವಾಸನೆಯ ಗುರುತು ಬಿಡುತ್ತವೆಂದೂ, ಸುತ್ತಲಿನ ಚೀತಾಗಳೆಲ್ಲ ಮತ್ತೆ ಮತ್ತೆ ಅಲ್ಲಿಗೇ ಬಂದು ಹೋಗುತ್ತವೆಂದೂ ತಿಳಿಯಿತು. ಎಳೆಗರುಗಳಿರುವ ಹಿಂಡನ್ನು ಆ ತಾಣಗಳಿಂದ ದೂರವಿಟ್ಟ ರೈತರಿಗೆ ಕರುಗಳ ನಷ್ಟ 86% ಕಡಿಮೆಯಾಯಿತು. ಹಿಂಡನ್ನು ಬೆನ್ನಟ್ಟಿ ಚೀತಾ ಬರಲಿಲ್ಲ, ತನ್ನ ತಾಣದಲ್ಲಿಯೇ ಉಳಿದು ಅಲ್ಲಿಯ ಕಾಡುಪ್ರಾಣಿಗಳನ್ನು ಬೇಟೆಯಾಡಿತು. ಆದರೆ ಅಲ್ಲಿಯ ರೈತನಿಗೆ ಸಾವಿರಾರು ಎಕರೆ ಸ್ವಂತ ಜಮೀನಿದೆ. ನಮ್ಮ ಕುರಿಗಾರರು ಕೊಯ್ಲಾದ ಹೊಲ ಎಲ್ಲಿ ಸಿಕ್ಕಿತೋ ಅಲ್ಲಿ ಮಂದೆ ನಿಲ್ಲಿಸಬೇಕಾದವರು ಎಂಬುದನ್ನು ಮರೆಯಲಾಗದು.

ಉತ್ತರ: ರಾಯಚೂರಿನ ಪಶುವೈದ್ಯ
ನಾಯಿಗಳ ವಿಷಯವನ್ನೂ ಸೇರಿಸುತ್ತೇನೆ. ಚೀತಾ ಕನ್ಸರ್ವೇಶನ್ ಫಂಡ್ ಎಂಬ ಸಂಸ್ಥೆ 1994ರಿಂದ ಟರ್ಕಿ ಮೂಲದ ಕಾವಲು ನಾಯಿಗಳನ್ನು ಬೆಳೆಸಿ ನಮೀಬಿಯಾದ ರೈತರಿಗೆ ಕೊಡುತ್ತಿದೆ. ಮರಿಯಾಗಿದ್ದಾಗಲೇ ಆಡು ಕುರಿಗಳ ನಡುವೆ ಬಿಡುವುದರಿಂದ ನಾಯಿಗೆ ಹಿಂಡೇ ತನ್ನ ಬಳಗವಾಗುತ್ತದೆ. ಅದು ಅಡ್ಡ ನಿಂತು ಗಟ್ಟಿಯಾಗಿ ಬೊಗಳಿದರೆ ಚೀತಾ ಸಾಮಾನ್ಯವಾಗಿ ಹಿಂದೆ ಸರಿಯುತ್ತದೆ. ನಿಜ ಹೇಳಬೇಕೆಂದರೆ, ನಾಯಿ ಮತ್ತು ಬಡಿಗೆ ಹಿಡಿದು ಹಗಲಿರುಳು ಮಂದೆಯ ಜೊತೆಗಿರುವ ನಮ್ಮ ಕುರುಬರಿಗೆ ಇದನ್ನು ಹೊರಗಿನವರು ಕಲಿಸಬೇಕಾಗಿಲ್ಲ.

ಪ್ರಶ್ನೆ ಕೇಳಿದವರಿಂದ
ಇಬ್ಬರಿಗೂ ವಂದನೆಗಳು. ಬೋಟ್ಸ್ವಾನಾದಲ್ಲಿ ದನಗಳ ಹಿಂಭಾಗಕ್ಕೆ ಕಣ್ಣಿನ ಚಿತ್ರ ಬರೆದು ಸಿಂಹಗಳನ್ನು ತಡೆದರಂತೆ. ಕುರಿಗಳಿಗೂ ಬರೆಯಬಹುದೇ?

ಉತ್ತರ: ಬಳ್ಳಾರಿಯಿಂದ
ಆ ಪ್ರಯೋಗ ನಾಲ್ಕು ವರ್ಷ ನಡೆಯಿತು, ಕಣ್ಣು ಬರೆದ ಒಂದು ದನವೂ ಸಿಂಹ ಚಿರತೆಗಳಿಗೆ ಬಲಿಯಾಗಲಿಲ್ಲ. ಆದರೆ ಅವು ಹೊಂಚು ಹಾಕುವ ಪ್ರಾಣಿಗಳು, ತಮ್ಮನ್ನು ಯಾರೋ ನೋಡಿದರೆಂದು ತಿಳಿದರೆ ಬೇಟೆ ಬಿಡುತ್ತವೆ. ತೋಳ ಗುಂಪಾಗಿ ಬೆನ್ನಟ್ಟುತ್ತದೆ. ಬಣ್ಣಕ್ಕೆ ಹಣ ಸುರಿಯುವುದಕ್ಕಿಂತ, ಚಳಿಗಾಲದಲ್ಲಿ ತೋಳ ಮರಿ ಹಾಕುವ ಗವಿಗಳು ಎಲ್ಲೆಲ್ಲಿವೆ ಎಂದು ತಮ್ಮ ಹಿರಿಯರನ್ನು ಕೇಳಿ ಗುರುತು ಮಾಡಿಕೊಳ್ಳಿ, ಆ ತಿಂಗಳುಗಳಲ್ಲಿ ಎಳೆಮರಿಗಳಿರುವ ಮಂದೆಯನ್ನು ಅತ್ತ ಒಯ್ಯಬೇಡಿ.